ಜರ್ಮನಿಗೆ ಮಾಸ್ಟರ್ಸ್ ಓದಲು ಹೊರಟಿದ್ದೇನೆ: ಹೆಸರು, ಅಡುಗೆ, ಜೊತೆಗಾರರು, ಮೊದಲ ಚಳಿಗಾಲ – ಹೇಗೆ ಹೊಂದಿಕೊಳ್ಳುವುದು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದವಳು, ಮೆಕ್ಯಾನಿಕಲ್ ಬಿಇ ಮುಗಿಸಿದ್ದೇನೆ. ಅಕ್ಟೋಬರ್‌ನಲ್ಲಿ ಶುರುವಾಗುವ ಸೆಮಿಸ್ಟರ್‌ಗೆ ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಪಾಠ ಇಂಗ್ಲಿಷಿನಲ್ಲಿ. ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವುದು), ಬ್ಲಾಕ್ಡ್ ಅಕೌಂಟಿಗೆ (ಖರ್ಚಿನ ಹಣ ಮೊದಲೇ ಇಟ್ಟು ತಿಂಗಳಿಗಿಷ್ಟೆಂದು ತೆಗೆಯುವ ಖಾತೆ) 11,904 ಯೂರೊ, ವೀಸಾ ಎಲ್ಲ ಆಗಿದೆ. ಜರ್ಮನ್ ಭಾಷೆ ಎ1 ಮಟ್ಟಕ್ಕೆ, ಅಂದರೆ ಮೊದಲ ಮೆಟ್ಟಿಲಿಗೆ, ನಿಂತಿದೆ.

ಕಾಗದಪತ್ರದ ಬಗ್ಗೆ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ನನಗೆ ತಿಳಿಯಬೇಕಿರುವುದು ಅಲ್ಲಿ ದಿನ ಕಳೆಯುವ ಬಗೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಇದರಿಂದ ತೊಂದರೆ ಬರುತ್ತದೆಯೇ? ನಾನು ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಇರುವುದು ನಮ್ಮವರ ಜೊತೆಗೋ, ಬೇರೆಯವರ ಜೊತೆಗೋ ಎನ್ನುವುದು ಇನ್ನೂ ನಿರ್ಧಾರವಾಗಿಲ್ಲ. ಮನೆಯಲ್ಲಿ ಅಮ್ಮ "ಅಲ್ಲಿ ಹೋಗಿ ನಮ್ಮದೆಲ್ಲ ಬಿಟ್ಟುಬಿಡ್ತೀಯ" ಅಂತಾರೆ, ಸೀನಿಯರ್ಸ್ "ಇಂಡಿಯನ್ ಗುಂಪಿನಲ್ಲೇ ಉಳಿದರೆ ಉದ್ಧಾರ ಆಗಲ್ಲ" ಅಂತಾರೆ. ಗೊತ್ತಿದ್ದವರು ಬಿಡಿಸಿ ಹೇಳಿ.

---

ನೆಕ್ಕರ್_ಕನ್ನಡಿಗ

ಹೆಸರಿನಿಂದಲೇ ಶುರು ಮಾಡೋಣ. ಇದನ್ನು ಚಿಕ್ಕ ವಿಷಯ ಅಂದುಕೊಂಡು ಹೋದವರೇ ಹೆಚ್ಚು ಪರದಾಡುವುದು.

ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರ ಬಿಡದೆ ಹಾಗೆಯೇ ಎಲ್ಲ ಕಡೆ ಬರೆಯಿರಿ: ವಿಶ್ವವಿದ್ಯಾಲಯದ ನೋಂದಣಿ, ಆರೋಗ್ಯ ವಿಮೆ, ಬಾಡಿಗೆ ಕರಾರು, ಬ್ಯಾಂಕ್. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಪೂರ್ತಿ ಹೆಸರು ಕೊಟ್ಟರೆ ಅಲ್ಲಿನ ಕಚೇರಿಗಳ ಕಂಪ್ಯೂಟರ್‌ಗೆ ನೀವು ಇಬ್ಬರು. ಅಂಕಪಟ್ಟಿಯ ಹೆಸರೂ ಪಾಸ್‌ಪೋರ್ಟಿನ ಹೆಸರೂ ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸಿದ ಇಂಗ್ಲಿಷ್ ಅಫಿಡವಿಟ್ಟಿನ ಎರಡು ಮೂಲ ಪ್ರತಿ ಊರಿನಿಂದಲೇ ಒಯ್ಯಿರಿ. ಅಲ್ಲಿಂದ ಮಾಡಿಸಲು ಹೊರಟರೆ ಕಾನ್ಸುಲೇಟ್ ಅಪಾಯಿಂಟ್‌ಮೆಂಟ್, ರೈಲು ಪ್ರಯಾಣ ಅಂತ ಒಂದು ದಿನವೇ ಹೋಗುತ್ತದೆ.

ಮುಂದಿನದು, ಅಲ್ಲಿ ಕರೆಯುವುದು ಕುಟುಂಬದ ಹೆಸರಿನಿಂದ. ನಿಮ್ಮನ್ನು "ಫ್ರೌ" (ನಮ್ಮ ಶ್ರೀಮತಿ, ಕುಮಾರಿ ಇದ್ದಂತೆ) ಸೇರಿಸಿ ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಚೇರಿಯಲ್ಲಿ ಆ ಹೆಸರು ಕೂಗಿದಾಗ ಏಳಬೇಕು ಎನ್ನುವುದು ಅಭ್ಯಾಸವಾಗಲು ಕೆಲ ವಾರ ಬೇಕು. ಸಹಪಾಠಿಗಳಿಗೆ, ಮನೆಯ ಜೊತೆಗಾರರಿಗೆ ಮೊದಲ ದಿನವೇ ನಿಮ್ಮ ಸ್ವಂತ ಹೆಸರು ಹೇಳಿ, ಉಚ್ಚಾರವನ್ನೂ ಹೇಳಿಕೊಡಿ. ಅವರ ಓದಿನ ನಿಯಮ ಬೇರೆ. 'ಜೆ' ಅಕ್ಷರವನ್ನು 'ಯ' ಎಂದು, 'ವಿ' ಅಕ್ಷರವನ್ನು ಬಹಳ ಸಲ 'ಫ' ಎಂದು ಓದುತ್ತಾರೆ. ವೀಣಾ ಫೀನಾ ಆಗುತ್ತಾಳೆ, ಜಯ ಯಾಯ ಆಗುತ್ತಾಳೆ. ಮೊದಲ ವಾರ ತಿದ್ದಿದರೆ ಸಂತೋಷದಿಂದ ಕಲಿಯುತ್ತಾರೆ, ಆರು ತಿಂಗಳ ನಂತರ ತಿದ್ದಿದರೆ ಇಬ್ಬರಿಗೂ ಮುಜುಗರ. ಅವರ ನಾಲಿಗೆಗೆ ಸುಲಭವಾಗಲಿ ಎಂದು ಹೆಸರನ್ನು ಕತ್ತರಿಸಿ "ವಿಕ್ಕಿ", "ಜೇ" ಮಾಡಿಕೊಳ್ಳುವ ಅಗತ್ಯ ಖಂಡಿತ ಇಲ್ಲ. ಅವರಲ್ಲೇ ಇಪ್ಪತ್ತು ಅಕ್ಷರದ ಪದಗಳು ದಿನನಿತ್ಯ ಓಡಾಡುತ್ತವೆ, ನಿಮ್ಮ ಹೆಸರು ಅವರಿಗೆ ಕಷ್ಟವಲ್ಲ.

ಫೋನಿನಲ್ಲಿ ಸ್ಪೆಲಿಂಗ್ ಹೇಳುವಾಗ ಹುಷಾರು. ಇಂಗ್ಲಿಷಿನ 'ಎ' ಅಕ್ಷರಕ್ಕೆ ಅವರು 'ಆ' ಅನ್ನುತ್ತಾರೆ, 'ಇ' ಅಕ್ಷರಕ್ಕೆ 'ಏ', 'ಐ' ಅಕ್ಷರಕ್ಕೆ 'ಈ'. ನೀವು ಹೆಗಡೆ ಎಂದು ಬರೆಸಲು ಇಂಗ್ಲಿಷ್ ರೀತಿಯಲ್ಲಿ ಎಚ್, ಇ ಎಂದರೆ ಆ ಕಡೆಯವರು 'ಐ' ಬರೆದುಕೊಳ್ಳುತ್ತಾರೆ. ವಿಮೆ ಕಾರ್ಡಿನಲ್ಲಿ, ರೈಲು ಪಾಸಿನಲ್ಲಿ ತಪ್ಪು ಹೆಸರು ಬರುವುದು ಬಹುಪಾಲು ಹೀಗೆಯೇ. ನಿಮ್ಮ ಹೆಸರನ್ನು ಜರ್ಮನ್ ಅಕ್ಷರೋಚ್ಚಾರದಲ್ಲಿ ಬಾಯಿಪಾಠ ಮಾಡಿಕೊಳ್ಳಿ, ಅರ್ಧ ಗಂಟೆಯ ಕೆಲಸ.

ಕೊನೆಯದಾಗಿ ಅಂಚೆ ಡಬ್ಬಿ. ರೂಮಿಗೆ ಹೋದ ದಿನವೇ ಡಬ್ಬಿಯ ಮೇಲೆ, ಬೆಲ್ ಪಕ್ಕದಲ್ಲಿ ನಿಮ್ಮ ಕುಟುಂಬದ ಹೆಸರಿನ ಚೀಟಿ ಅಂಟಿಸಿ. ಹೆಸರಿಲ್ಲದಿದ್ದರೆ ವಿಳಾಸ ಸರಿ ಇದ್ದರೂ ಪತ್ರ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡ್ ಮತ್ತು ಅದರ ಪಿನ್, ವಿಮೆ ಕಾರ್ಡ್, 11 ಅಂಕಿಯ ತೆರಿಗೆ ಸಂಖ್ಯೆ ಎಲ್ಲವೂ ಅಂಚೆಯಲ್ಲೇ ಬರುವುದು. ಮನೆಗೆ ಹೋದ ಎರಡು ವಾರದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಣಿ, ಅವರ ಭಾಷೆಯಲ್ಲಿ ಆನ್‌ಮೆಲ್ಡುಂಗ್, ಆಗಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ವಾಸದ ದೃಢೀಕರಣ ಬೇಕೇ ಬೇಕು, ಬರೀ ಬಾಡಿಗೆ ಕರಾರು ಸಾಲದು. ನೋಂದಣಿ ಮಾಡಲು ಬಿಡುವುದಿಲ್ಲ ಎನ್ನುವ ರೂಮನ್ನು ಎಷ್ಟೇ ಅಗ್ಗವಾದರೂ ತೆಗೆದುಕೊಳ್ಳಬೇಡಿ.

---

ಜೋಳದರೊಟ್ಟಿ

ತಂಗಿ, ಊಟದ್ದು ನಾ ಹೇಳ್ತೀನಿ.

ಮೊದಲ ಏನು ಒಯ್ಯಬಾರದು ಅನ್ನೂದು ತಿಳ್ಕೋರಿ. ಯುರೋಪಿಯನ್ ಒಕ್ಕೂಟದ ಹೊರಗಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯಂಗಿಲ್ಲ. ಅಂದ್ರ ತುಪ್ಪದ ಡಬ್ಬಿ, ಪೇಡೆ, ಖೋವಾ ಎಲ್ಲಾ ಮನ್ಯಾಗ ಬಿಡ್ರಿ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು ಸೈತ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ಬಿಡೂದಿಲ್ಲ. 2019ರ ಡಿಸೆಂಬರ್‌ನಿಂದ ಈ ನಿಯಮ ಬಿಗಿ ಆಗೇದ. ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ದುರಿಯನ್, ಈ ಐದಕ್ಕಷ್ಟ ವಿನಾಯಿತಿ. ಸಾರಿನ ಪುಡಿ, ಚಟ್ನಿಪುಡಿ, ಒಣ ಕರಿಬೇವಿನ ಪುಡಿ, ರಾಗಿ ಹಿಟ್ಟು, ಜೋಳದ ಹಿಟ್ಟು, ಅವಲಕ್ಕಿ ಒಯ್ಯಬಹುದು. ಆದ್ರ ಅಕ್ಕಿ ಬ್ಯಾಳಿ ಹೊತ್ತು ತೂಕ ಹಾಳ ಮಾಡಬ್ಯಾಡ್ರಿ. ತೊಗರಿ, ಉದ್ದು, ಸೋನಾ ಮಸೂರಿ ಅಲ್ಲಿ ಇಂಡಿಯನ್ ಅಂಗಡ್ಯಾಗ, ಏಷ್ಯನ್ ಅಂಗಡ್ಯಾಗ ಸಿಗತಾವ. ಸಣ್ಣ ಊರಾಗಿದ್ರ ಸೂಪರ್‌ಮಾರ್ಕೆಟ್ಟಿನ ಮಿಲ್ಷ್‌ರೈಸ್ ಅನ್ನೂ ದುಂಡ ಅಕ್ಕಿ ಮೊಸರನ್ನಕ್ಕ ಚಲೋ ಆಗತದ.

ಮನ್ಯಾಗಿಂದ ಒಯ್ಯಬೇಕಾದ್ದು ನಿಮ್ಮ ಕಡೆ ಮಸಾಲಿ. ಅಲ್ಲಿ "ಇಂಡಿಯನ್ ಮಸಾಲ" ಅಂತ ಸಿಗೂದು ಉತ್ತರ ಭಾರತದ ಗರಂ ಮಸಾಲಿ ರುಚಿ. ಮಲೆನಾಡಿನ ಸಾರು ಅದರಾಗ ಆಗೂದಿಲ್ಲ. ಅರ್ಧ ಕೆ.ಜಿ. ಸಾರಿನ ಪುಡಿ, ಅರ್ಧ ಕೆ.ಜಿ. ಹುಳಿಪುಡಿ ಒಬ್ಬರಿಗೆ ಒಂದು ಸೆಮಿಸ್ಟರ್ ದಾಟ್ತದ. ಗಾಳಿ ಆಡದಂಗ ಸೀಲ್ ಮಾಡಿ, ಮ್ಯಾಲ ಇಂಗ್ಲಿಷ್‌ನಾಗ ಏನದ ಅಂತ ಬರೀರಿ. ಹೆಸರಿಲ್ಲದ ಪುಡಿ ಕಸ್ಟಮ್ಸ್‌ನ್ಯಾಗ ಬಿಚ್ಚಿಸ್ತಾರ.

ಕುಕ್ಕರ್ ಒಯ್ಯೂ ಮುಂಚೆ ಅಲ್ಲಿ ಒಲಿ ಯಾವುದು ಕೇಳ್ರಿ. ಇಂಡಕ್ಷನ್ ಇದ್ರ ಅಲ್ಯೂಮಿನಿಯಂ ಕುಕ್ಕರ್ ಕಾಯೂದ ಇಲ್ಲ, ತಳಕ್ಕ ಅಯಸ್ಕಾಂತ ಅಂಟಬೇಕು. ಗಾಜಿನ ಎಲೆಕ್ಟ್ರಿಕ್ ಒಲಿ ಇದ್ರ ತಳ ಸಪಾಟ ಇರಬೇಕು, ಮತ್ತ ಆ ಒಲಿ ಆರಿಸಿದ ಮ್ಯಾಲೂ ಬಹಳ ಹೊತ್ತು ಬಿಸಿ ಇರ್ತದ. ಅದಕ್ಕ ಒಂದು ಸೀಟಿ ಮುಂಚೇನ ಆರಿಸ್ರಿ.

ಒಗ್ಗರಣಿ ಮಾತ್ರ ಜ್ವಾಕಿ. ಹಾಸ್ಟೆಲಿನ ಹೊಗೆ ಅಲಾರಂ ಅಗ್ನಿಶಾಮಕ ದಳಕ್ಕ ಜೋಡಿಸಿದ್ರ, ಒಣಮೆಣಸಿನಕಾಯಿ ಘಾಟಿಗೆ ಬಂಡಿ ಬಂದು ನಿಂತು, ಅದರ ಬಿಲ್ ನಿಮ್ಮ ಹೆಸರಿಗೆ ಬರಬಹುದು. ಕಿಟಕಿ ಪೂರ್ತಿ ತಗೀರಿ, ಚಿಮಣಿ ಫ್ಯಾನ್ ಮೊದಲ ಹಾಕ್ರಿ, ಅಡಗಿಮನಿ ಬಾಗಿಲ ಮುಚ್ಚ್ರಿ. ಹೊಗಿ ಹೋಗ್ಲಿ ಅಂತ ಬಾಗಿಲ ತಗದ್ರ ಅದು ಪಡಸಾಲ್ಯಾಗಿನ ಅಲಾರಂಗೆ ತಾಕ್ತದ, ಮಂದಿ ಮಾಡೂ ತಪ್ಪ ಇದು.

ಹೊರಗ ತಿನ್ನೂವಾಗ ಪೊಟ್ಟಣದ ಹಿಂದ ಓದ್ರಿ. ಗೆಲಾಟೀನ ಅಂದ್ರ ಪ್ರಾಣಿಯ ಎಲುಬು, ಚರ್ಮದಿಂದ ಮಾಡಿದ್ದು. ಜೆಲ್ಲಿ ಮಿಠಾಯಿಯೊಳಗ, ಕೆಲವು ಸಿಹಿ ಮೊಸರಿನೊಳಗ ಇರ್ತದ. ಶ್ಮಾಲ್ಟ್ಸ್ ಅಂದ್ರ ಹಂದಿ ಕೊಬ್ಬು, ಷ್ಪೆಕ್ ಅಂದ್ರನೂ ಹಂದೀದ, ಆಲೂಗಡ್ಡಿ ಪಲ್ಯದಾಗ ಬರ್ತದ. ಲಾಬ್ ಅಂದ್ರ ಚೀಸ್ ಹೆಪ್ಪಾಕೂ ಕಿಣ್ವ, ಅದು ಕರುವಿನ ಹೊಟ್ಟಿಯದು ಇರಬಹುದು. "ಮಿಕ್ರೋಬಿಯೆಲ್" ಅಂತ ಬರೆದಿದ್ರ ನಿಮಗ ನಡೀತದ. ಪಾರ್ಮೆಸಾನ್ ಬ್ಯಾಡ, ಅದಕ್ಕ ಯಾವಾಗಲೂ ಪ್ರಾಣಿಯದ. ಅಲ್ಲಿ ವೆಜಿಟೇರಿಯನ್ ಅಂದ್ರ ಮೊಟ್ಟಿ ಇರಬಹುದು, ಅದಕ್ಕ ನೀವು ಕೇಳಬೇಕಾದ್ದು ವೀಗನ್. ಮೆನ್ಸಾ ಅನ್ನೂ ವಿಶ್ವವಿದ್ಯಾಲಯದ ಊಟದ ಮನ್ಯಾಗ ಈಗ ಬಹಳ ಕಡೆ ದಿನಾ ಒಂದಾದ್ರೂ ವೀಗನ್ ಇರ್ತದ. ಮೊಸರು ಅನ್ನ ಮನ್ಯಾಗ ಉಣ್ರಿ, ಹೊರಗ ವೀಗನ್ ತಿನ್ರಿ.

---

ಕಡಲಮಗ್ಗುಲು

ಅಡುಗೆಗೆ ಒಂದು ಮಾತು ಸೇರಿಸುತ್ತೇನೆ: ಚಳಿಗಾಲದಲ್ಲಿ ಅಡುಗೆ ಹಬೆ, ರೂಮಿನಲ್ಲಿ ಒಣಹಾಕಿದ ಬಟ್ಟೆ ಸೇರಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಅದನ್ನು ಡಿಪಾಸಿಟ್ಟಿನಿಂದ ಕಳೆಯುತ್ತಾರೆ, ಡಿಪಾಸಿಟ್ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು. ದಿನಕ್ಕೆ ಎರಡು ಮೂರು ಸಲ ಕಿಟಕಿಯನ್ನು ಪೂರ್ತಿ ತೆರೆದು ಐದರಿಂದ ಹತ್ತು ನಿಮಿಷ ಬಿಡಿ. ವಾಲಿಸಿ ಇಡೀ ದಿನ ಬಿಟ್ಟರೆ ಗೋಡೆ ತಣ್ಣಗಾಗಿ ಬೂಷ್ಟು ಹೆಚ್ಚುತ್ತದೆ.

ನಾನು ಬರೆಯಬೇಕೆಂದಿದ್ದು ತರಗತಿಯ ಬಗ್ಗೆ. "ನಾನು ಯಾರು" ಎಂಬ ಗೊಂದಲ ನಮ್ಮ ಮಕ್ಕಳಿಗೆ ಹಬ್ಬ ಉಡುಪುಗಳಿಂದ ಬರುವುದಕ್ಕಿಂತ ಹೆಚ್ಚಾಗಿ ಅಂಕದಿಂದ ಬರುತ್ತದೆ. ಊರಿನಲ್ಲಿ ಡಿಸ್ಟಿಂಕ್ಷನ್ ಹುಡುಗಿ ಎನಿಸಿಕೊಂಡವರಿಗೆ ಮೊದಲ ಸೆಮಿಸ್ಟರ್‌ನಲ್ಲಿ 3.0 ಬಂದರೆ ಕಾಲ ಕೆಳಗಿನ ನೆಲ ಕುಸಿದಂತಾಗುತ್ತದೆ. ಅಳತೆಗೋಲು ಮೊದಲೇ ಗೊತ್ತಿರಲಿ: 1.0 ಅತ್ಯುತ್ತಮ, 4.0 ಪಾಸಿನ ಕೊನೆ, 5.0 ಫೇಲ್. ನಿಮ್ಮ ಅಂಕವನ್ನು ಬದಲಿಸುವ ಸೂತ್ರ, ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಪಾಸಿನ ಅಂಕದ ವ್ಯತ್ಯಾಸದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸುವುದು. 10ಕ್ಕೆ 8.2 ಇದ್ದು ಪಾಸಿನ ಅಂಕ 4 ಎಂದು ಹಿಡಿದರೆ 1.9 ಬರುತ್ತದೆ. ಅಲ್ಲಿ 2.3 ಎನ್ನುವುದು ಗೌರವದ ಅಂಕ.

ಬಹಳಷ್ಟು ವಿಷಯಗಳಲ್ಲಿ ಇಂಟರ್ನಲ್ಸ್ ಇಲ್ಲ, ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ನಿರ್ಧರಿಸುತ್ತದೆ. ಹಾಜರಿ ಯಾರೂ ಕೇಳುವುದಿಲ್ಲ, ಅದೇ ಅಪಾಯ. ಕೋರ್ಸಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಸೇರಿದಂತಲ್ಲ. ಪರೀಕ್ಷೆಗೆ ಬೇರೆಯಾಗಿ ಆನ್‌ಲೈನ್ ನೋಂದಣಿ ಮಾಡಬೇಕು, ಅದಕ್ಕೆ ಕೆಲವೇ ವಾರ ಅವಕಾಶ. ದಿನಾಂಕ ತಪ್ಪಿದರೆ ಯಾರನ್ನು ಕೇಳಿಕೊಂಡರೂ ಬರೆಯಲು ಬಿಡುವುದಿಲ್ಲ. ನೋಂದಾಯಿಸಿ ಹೋಗದೆ ಇದ್ದರೆ ಸಾಮಾನ್ಯವಾಗಿ 5.0 ಬೀಳುತ್ತದೆ. ಹುಷಾರಿಲ್ಲದಿದ್ದರೆ ಅದೇ ದಿನ ಡಾಕ್ಟರ ಬಳಿ ಹೋಗಿ ಪ್ರಮಾಣಪತ್ರ ತೆಗೆದುಕೊಂಡು ಪರೀಕ್ಷಾ ಕಚೇರಿಗೆ ತಡಮಾಡದೆ ಕೊಡಬೇಕು. ಒಂದು ವಿಷಯಕ್ಕೆ ಹಲವೆಡೆ ಮೂರೇ ಪ್ರಯತ್ನ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಕೋರ್ಸಿನಿಂದಲೇ ಹೊರಗೆ, ಅದೇ ವಿಷಯವನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಮುಂದುವರಿಸಲಾಗದಂತೆ ಆಗಬಹುದು. ವಾಸದ ಪರವಾನಗಿ ಓದಿಗೆ ಕಟ್ಟಿಕೊಂಡಿರುವುದರಿಂದ ಅದೂ ಅಲುಗಾಡುತ್ತದೆ. ನಿಮ್ಮ ಕೋರ್ಸಿನ ಪರೀಕ್ಷಾ ನಿಯಮಾವಳಿಯನ್ನು ವಿಮಾನ ಹತ್ತುವ ಮೊದಲು ಓದಿ ಮುಗಿಸಿ.

ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಕೆಲಸ, ಸೆಮಿಸ್ಟರ್‌ಗೆ 30 ಕ್ರೆಡಿಟ್ ಎಂದು ಯೋಜನೆ. ಮೊದಲ ಸೆಮಿಸ್ಟರ್‌ನಲ್ಲಿ ರೂಮು, ಕಚೇರಿ, ಭಾಷೆ ಎಲ್ಲ ಒಟ್ಟಿಗೆ ಮೈಮೇಲೆ ಬರುವುದರಿಂದ 20–24 ಸಾಕು ಎನ್ನುವುದು ನನ್ನ ಅಭಿಪ್ರಾಯ. ಫಾಖ್‌ಷಾಫ್ಟ್ ಎಂದು ಪ್ರತಿ ವಿಭಾಗಕ್ಕೂ ವಿದ್ಯಾರ್ಥಿ ಮಂಡಳಿ ಇರುತ್ತದೆ, ಹಳೆಯ ಪ್ರಶ್ನೆಪತ್ರಿಕೆಗಳು ಅವರಲ್ಲಿ ಸಿಗುತ್ತವೆ. ಫಲಿತಾಂಶದ ನಂತರ ಉತ್ತರಪತ್ರಿಕೆ ನೋಡಲು ಒಂದು ದಿನ ಕೊಡುತ್ತಾರೆ, ತಪ್ಪದೆ ಹೋಗಿ. ಎಲ್ಲಿ ಅಂಕ ಹೋಯಿತು ಎಂದು ತಿಳಿಯುವುದು ಅಲ್ಲೇ. ಎಣಿಕೆ ತಪ್ಪಿದ್ದರೆ ತಿದ್ದುತ್ತಾರೆ.

ಪ್ರೊಫೆಸರರಿಗೆ "ಸರ್", "ಮೇಡಂ" ಬೇಡ, "ಪ್ರೊಫೆಸರ್" ಮತ್ತು ಕುಟುಂಬದ ಹೆಸರು. "ಇದು ತಪ್ಪು, ಮತ್ತೆ ಮಾಡಿ" ಎಂದು ಎಲ್ಲರ ಮುಂದೆ ಹೇಳಿದರೆ ಅದು ಕೆಲಸದ ಮೇಲಿನ ಮಾತು, ನಿಮ್ಮ ಮೇಲಿನದಲ್ಲ. ಗೊತ್ತಾಗದ್ದನ್ನು ಗೊತ್ತಾಗಲಿಲ್ಲ ಎನ್ನುವುದಕ್ಕೆ ಅಲ್ಲಿ ಮರ್ಯಾದೆ ಇದೆ, ತಲೆಯಾಡಿಸಿ ಸುಮ್ಮನಿರುವುದಕ್ಕೆ ಇಲ್ಲ. ವೇಳಾಪಟ್ಟಿಯಲ್ಲಿ 10 ಗಂಟೆ ಮುಂದೆ "ಸಿ.ಟಿ." ಎಂದಿದ್ದರೆ ತರಗತಿ 10.15ಕ್ಕೆ, "ಎಸ್.ಟಿ." ಎಂದಿದ್ದರೆ ಹತ್ತಕ್ಕೇ ಸರಿಯಾಗಿ.

---

ತುಂಗಾತೀರ

ತುಂಬಾ ಧನ್ಯವಾದಗಳು, ಎಲ್ಲವನ್ನೂ ಬರೆದಿಟ್ಟುಕೊಂಡೆ. ಅಣ್ಣ, ಒಗ್ಗರಣೆ ವಿಷಯ ಯಾರೂ ಹೇಳಿರಲಿಲ್ಲ. ಈಗ ರೂಮಿನದೇ ಪ್ರಶ್ನೆ. ಮೂವರು ಕನ್ನಡದವರು ಸೇರಿ ಒಂದು ಫ್ಲ್ಯಾಟ್ ಹಿಡಿದಿದ್ದಾರೆ, ಒಂದು ಜಾಗ ಖಾಲಿ ಇದೆ. ವಿದ್ಯಾರ್ಥಿ ಹಾಸ್ಟೆಲಿನಲ್ಲಿ ಎಲ್ಲ ದೇಶದವರಿರುವ ಹಂಚಿಕೆ ಮನೆಯಲ್ಲೂ ಸಿಗುವ ಸೂಚನೆ ಇದೆ. ಚಳಿಗಾಲದ ಬಗ್ಗೆಯೂ ಹೇಳಿ.

---

ಕಿಟಕಿಬೆಳಕು

ಹಾಸ್ಟೆಲಿನದನ್ನು ಹಿಡಿಯಿರಿ, ಕನ್ನಡದವರ ಫ್ಲ್ಯಾಟಿಗೆ ವಾರಕ್ಕೊಮ್ಮೆ ಊಟಕ್ಕೆ ಹೋಗಿ. ಇದು ನನ್ನ ಖಚಿತ ಸಲಹೆ, ಕಾರಣ ಹೇಳುತ್ತೇನೆ.

ಇಂಗ್ಲಿಷ್ ಕೋರ್ಸಿನಲ್ಲಿ ಓದುವವರಿಗೆ ಜರ್ಮನ್ ಕಿವಿಗೆ ಬೀಳುವ ಜಾಗ ಅಡುಗೆಮನೆಯೊಂದೇ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಇಂಗ್ಲಿಷ್ ಆದರೆ ಎರಡು ವರ್ಷ ಕಳೆದರೂ ಭಾಷೆ ಎ2 ದಾಟುವುದಿಲ್ಲ. ಇಂಟರ್ನ್‌ಶಿಪ್ಪಿಗೆ ಅದರ ಮೇಲಿನ ಬಿ1, ಮೆಕ್ಯಾನಿಕಲ್ ಕೆಲಸಕ್ಕೆ ಇನ್ನೂ ಮೇಲಿನ ಬಿ2 ಕೇಳುವ ಕಂಪನಿಗಳೇ ಹೆಚ್ಚು. ಭಾಷೆ ಇಲ್ಲದವರಿಗೆ ಅಲ್ಲಿ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳಲು ಬಾಯಿಲ್ಲ. ಆಗಲೇ ಜನ ತಮ್ಮವರ ಗುಂಪಿನೊಳಗೆ ಮುದುರಿಕೊಳ್ಳುವುದು. ವಿಶ್ವವಿದ್ಯಾಲಯದ ಭಾಷಾ ಕೇಂದ್ರದ ತರಗತಿ ಪುಕ್ಕಟೆ ಅಥವಾ ತೀರ ಕಡಿಮೆ ಶುಲ್ಕಕ್ಕೆ ಸಿಗುತ್ತದೆ. ನೋಂದಣಿ ಸೆಮಿಸ್ಟರ್ ಆರಂಭದ ಆಸುಪಾಸಿನಲ್ಲಿ ತೆರೆದು ಬೇಗ ಭರ್ತಿಯಾಗುತ್ತದೆ. ಟ್ಯಾಂಡೆಮ್ ಎನ್ನುವ ವ್ಯವಸ್ಥೆಯೂ ಇದೆ: ನೀವು ಒಬ್ಬರಿಗೆ ಇಂಗ್ಲಿಷೋ ಕನ್ನಡವೋ ಕಲಿಸುವುದು, ಅವರು ನಿಮಗೆ ಜರ್ಮನ್. ಕನ್ನಡವನ್ನೂ ಧೈರ್ಯವಾಗಿ ಬರೆಯಿರಿ. ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತ ಬಂದಿದ್ದಾರೆ. 1894ರಲ್ಲಿ ಕನ್ನಡದ ದೊಡ್ಡ ನಿಘಂಟು ಹೊರತಂದ ಕಿಟೆಲ್ ಜರ್ಮನಿಯವರು, ತೀರಿಕೊಂಡಿದ್ದು ಟ್ಯೂಬಿಂಗನ್‌ನಲ್ಲಿ. ಭಾರತದವರೆಂದರೆ ಹಿಂದಿ ಎಂದುಕೊಂಡವರಿಗೆ ಇದನ್ನು ಹೇಳಿದರೆ ಮಾತು ತಾನಾಗಿ ಬೆಳೆಯುತ್ತದೆ.

ಹಂಚಿಕೆ ಮನೆಯಲ್ಲಿ ಜಗಳ ಏಳುವುದು ಧರ್ಮ, ದೇಶಗಳ ಬಗ್ಗೆ ಅಲ್ಲ. ಸ್ವಚ್ಛತೆಯ ಪಾಳಿ, ಸಿಂಕಿನಲ್ಲಿ ಬಿಟ್ಟ ಪಾತ್ರೆ, ರಾತ್ರಿ 10ರ ನಂತರದ ಸದ್ದು, ಕಸ ಬೇರ್ಪಡಿಸದಿರುವುದು, ಇವೇ. ರಾತ್ರಿ 10ರಿಂದ ಬೆಳಿಗ್ಗೆ 6 ಶಾಂತಿಯ ಹೊತ್ತು. ಊರಿನೊಡನೆ ಸ್ಪೀಕರ್ ಹಾಕಿ ಮಾತಾಡುವುದು ಆಗ ನಿಲ್ಲಬೇಕು. ನಿಮ್ಮ ಬಾಣಲೆ ಮಾಂಸಕ್ಕೆ ಬಳಕೆಯಾಗಬಾರದು ಎಂದಿದ್ದರೆ ಮೊದಲ ದಿನವೇ ಹೇಳಿ ಬೇರೆ ಇಟ್ಟುಕೊಳ್ಳಿ. ಯಾರೂ ತಪ್ಪು ತಿಳಿಯುವುದಿಲ್ಲ. ಹೇಳದೆ ಮುಖ ಸಪ್ಪೆ ಮಾಡಿಕೊಂಡರೆ ಅವರಿಗೆ ಅರ್ಥವೇ ಆಗುವುದಿಲ್ಲ.

ನಮ್ಮವರೂ ಬೇಕು, ಅದರಲ್ಲಿ ಸಂಕೋಚವೇನಿಲ್ಲ. ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ ಇದೆ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇದೆ. ಯುಗಾದಿ, ರಾಜ್ಯೋತ್ಸವಕ್ಕೆ ಸೇರುತ್ತಾರೆ. ಆದರೆ ವಾಟ್ಸಾಪ್ ಗುಂಪಿನ ಕಾನೂನು ಸಲಹೆ ನಂಬಬೇಡಿ. ಕೆಲಸದ ಮಿತಿಯನ್ನೇ ನೋಡಿ: 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ, ಆದರೂ ಹಳೆಯ 120 ಮತ್ತು 240ರ ಲೆಕ್ಕ ಇನ್ನೂ ಗುಂಪುಗಳಲ್ಲಿ ಸುತ್ತುತ್ತಿದೆ. ಇಂಥದ್ದನ್ನು ವಿಶ್ವವಿದ್ಯಾಲಯದ ಇಂಟರ್‌ನ್ಯಾಷನಲ್ ಆಫೀಸಿನಲ್ಲೇ ಕೇಳಿ.

ಇನ್ನು ಚಳಿಗಾಲ. ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರ್ ಕೊನೆಯಲ್ಲಿ ಬರ್ಲಿನ್‌ನಲ್ಲಿ ಸೂರ್ಯ ಕಾಣುವುದು ಬೆಳಿಗ್ಗೆ ಎಂಟೂಕಾಲಕ್ಕೆ, ಸಂಜೆ ನಾಲ್ಕರೊಳಗೆ ಮುಳುಗುತ್ತಾನೆ. ಪ್ರಯೋಗಾಲಯದಲ್ಲಿದ್ದರೆ ಹಗಲನ್ನೇ ನೋಡದೆ ದಿನ ಮುಗಿಯುತ್ತದೆ. ಮಧ್ಯಾಹ್ನ ಊಟದ ನಂತರ ಅರ್ಧ ಗಂಟೆ ಹೊರಗೆ ನಡೆಯುವುದನ್ನು ವೇಳಾಪಟ್ಟಿಯಲ್ಲಿ ಬರೆದಿಡಿ, ಮೋಡವಿದ್ದರೂ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿನ ಬಿಸಿಲಿನಿಂದ ಚರ್ಮದಲ್ಲಿ ವಿಟಮಿನ್ ಡಿ ಸಾಕಷ್ಟು ತಯಾರಾಗುವುದಿಲ್ಲ. ಹೊರಡುವ ಮುನ್ನ ರಕ್ತಪರೀಕ್ಷೆ ಮಾಡಿಸಿ ವೈದ್ಯರ ಸಲಹೆ ಪಡೆಯಿರಿ. ಬಿಸಿಲಿಲ್ಲದಾಗ ದಿನಕ್ಕೆ 20 ಮೈಕ್ರೋಗ್ರಾಂ, ಅಂದರೆ 800 ಯೂನಿಟ್, ಅಲ್ಲಿನ ಶಿಫಾರಸು. ಊರಿನಲ್ಲಿ ವಾರಕ್ಕೊಂದು ಕೊಡುವ 60,000 ಯೂನಿಟ್ ಪೊಟ್ಟಣವನ್ನು ಕೇಳದೆ ನುಂಗುತ್ತ ಹೋಗಬೇಡಿ.

ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ್ದು ಕ್ರಿಸ್‌ಮಸ್ ಸಮಯದ ಎರಡು ವಾರ. ಹಾಸ್ಟೆಲ್ ಖಾಲಿಯಾಗುತ್ತದೆ, ಮೆನ್ಸಾ ಮುಚ್ಚುತ್ತದೆ. 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿ ಇಲ್ಲ. ಎಷ್ಟೋ ಮಕ್ಕಳು ಮಂಕಾಗುವುದು ಈ ದಿನಗಳಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ ಬೇರೆ ಇರುತ್ತದೆ. ನವೆಂಬರ್‌ನಲ್ಲೇ ಯಾರು ಯಾರು ಉಳಿಯುತ್ತಾರೆ ಎಂದು ಕೇಳಿಕೊಂಡು ಒಟ್ಟಿಗೆ ಅಡುಗೆ, ಓದು ಗೊತ್ತುಮಾಡಿಕೊಳ್ಳಿ. ಜರ್ಮನ್ ಗೆಳತಿಯರು ಮನೆಗೆ ಕರೆದರೆ ಹೋಗಿ, ಚಟ್ನಿಪುಡಿ ಒಯ್ಯಿರಿ. ನಿದ್ದೆ, ಊಟ ಎರಡು ವಾರ ಕೆಟ್ಟರೆ ವಿದ್ಯಾರ್ಥಿ ಸೇವಾ ಸಂಸ್ಥೆಯ, ಅಂದರೆ ಷ್ಟುಡಿಯರೆಂಡೆನ್‌ವೆರ್ಕಿನ, ಮನೋ ಸಲಹೆಗಾರರನ್ನು ಭೇಟಿ ಮಾಡಿ. ಹೆಚ್ಚಿನ ಕಡೆ ಶುಲ್ಕವಿಲ್ಲ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ, ವಿಭಾಗಕ್ಕಾಗಲಿ ಮನೆಗಾಗಲಿ ತಿಳಿಸುವುದಿಲ್ಲ. ರಾತ್ರಿ ವೇಳೆ ಡಾಕ್ಟರು ಬೇಕಾದರೆ 116117, ಪ್ರಾಣಾಪಾಯವಾದರೆ 112.

---

ನೆಕ್ಕರ್_ಕನ್ನಡಿಗ

ಅಮ್ಮನ ಮಾತಿಗೂ ಒಂದು ವ್ಯವಸ್ಥೆ ಬೇಕು. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ಮೂರೂವರೆ. ನೀವು ಸಂಜೆ ಏಳಕ್ಕೆ ಬಿಡುವಾದರೆ ಶಿವಮೊಗ್ಗದಲ್ಲಿ ಹನ್ನೊಂದೂವರೆ, ಅಮ್ಮ ನಿದ್ದೆಗಣ್ಣಿನಲ್ಲಿ ಕಾಯುತ್ತಿರುತ್ತಾರೆ. ಬೆಳಿಗ್ಗೆ ಏಳೂವರೆಗೆ ತಿಂಡಿ ಮಾಡುತ್ತ ಮಾತಾಡಿದರೆ ಅಲ್ಲಿ ಮಧ್ಯಾಹ್ನ ಹನ್ನೆರಡು, ಇಬ್ಬರಿಗೂ ಹಗುರ. ದಿನಾ ಹತ್ತು ನಿಮಿಷ, ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ಅಂದು ನಿಧಾನವಾಗಿ ಎಂದು ಹೊರಡುವ ಮೊದಲೇ ಗೊತ್ತುಮಾಡಿ. ನೀವು ಹೋದ ಮೇಲೆ ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ, ಮಾರ್ಚ್‌ನ ಕೊನೆಯ ಭಾನುವಾರ ಮುಂದೆ ಬರುತ್ತದೆ. ಆ ಎರಡು ದಿನಾಂಕ ಅಮ್ಮನ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಡಿ, ಇಲ್ಲದಿದ್ದರೆ ಫೋನು ಒಂದು ಗಂಟೆ ತಡವಾಯಿತೆಂದು ಗಾಬರಿಯಾಗುತ್ತಾರೆ.